ಅತ್ತೆಯ ಪುರವಣಿ

ಉದಗೀರದ ನಮ್ಮ ಮನೆಯ ಕಪಾಟಿನಲ್ಲಿ ಇಡೀ ಒಂದು ಸಾಲು ಆಟದ ಪುಸ್ತಕಗಳಿವೆ. ಆಟವೆಂದರೆ ಚೆಂಡಿನದಲ್ಲ, ಇಸ್ಪೀಟಿನದೂ ಅಲ್ಲ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಮಂತ್ರವಾದಿಯೋ ಕಳ್ಳನೋ ಕತ್ತಿವೀರನೋ ಆಗಿ ಆ ಕಥೆಯೊಳಗೆ ಓಡಾಡುತ್ತಾರೆ. ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳುತ್ತದೆ. ಇದಕ್ಕೊಂದು ಮೂಲಪುಸ್ತಕವಿದೆ. ಆ ಪುಸ್ತಕದ ಕಂಪನಿಗೆ ಸಂಬಂಧವೇ ಇಲ್ಲದ ಯಾರ್ಯಾರೋ ತಮಗೆ ತೋಚಿದ ರಾಕ್ಷಸರು, ಊರುಗಳು, ಮಂತ್ರಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸುವ ಪುಸ್ತಕಗಳೂ ಇವೆ. ಅವನ್ನು ನಾನು ಪುರವಣಿ ಎನ್ನುತ್ತೇನೆ. ನನ್ನ ಕಪಾಟಿನಲ್ಲಿರುವುದು ಪುರವಣಿಗಳೇ. ಮೂಲಪುಸ್ತಕವೂ ಒಂದಿದೆ, ಅದು ಗಾಳಿಗೆ ಕಿಟಕಿ ಬಡಿದುಕೊಳ್ಳದಂತೆ ಆನಿಸಿಡಲು ಬಹಳ ಚೆನ್ನಾಗಿದೆ.

"ಮನ್ಯಾಗ ರೊಟ್ಟಿ ಇಲ್ಲ, ಉಪ್ಪಿನಕಾಯಿ ಮಾತ್ರ ಹನ್ನೆರಡು ನಮೂನಿ," ಎಂದು ನಮ್ಮ ಯಜಮಾನರು ಬಂದವರೆದುರು ಹಾಸ್ಯ ಮಾಡುತ್ತಾರೆ. ಮಾಡಲಿ. ಶೇಂಗಾ ಹಿಂಡಿ, ಪುಂಡಿಪಲ್ಯ ಇಲ್ಲದೆ ಬರೀ ರೊಟ್ಟಿ ತಿನ್ನುವ ಮನುಷ್ಯನನ್ನು ನಾನಿನ್ನೂ ನೋಡಿಲ್ಲ, ಅವರಂತೂ ಅಲ್ಲವೇ ಅಲ್ಲ.

ಭಾನುವಾರ ಆಡಲು ಬರುವ, ನಾನು ಪಾಠ ಮಾಡುವ ಕಾಲೇಜಿನ ಹುಡುಗಿಯರು ಒಮ್ಮೆ ಕೇಳಿದರು, ಇಷ್ಟರಲ್ಲಿ ನಿಮಗೆ ಬಹಳ ಇಷ್ಟದ್ದು ಯಾವುದು ಎಂದು. ಗಿಡಮೂಲಿಕೆಗಳ ಪುರವಣಿ ಒಂದಿದೆ. ಇಲ್ಲದ ಕಾಡಿನ ಇಲ್ಲದ ಸೊಪ್ಪುಗಳಿಗೆ ಚಿತ್ರ ಬರೆದು, ಇದನ್ನು ಅರೆದು ಹಚ್ಚಿದರೆ ಧೈರ್ಯ, ಇದನ್ನು ಕುದಿಸಿ ಕುಡಿದರೆ ಮರೆವು ಎಂದು ವಿವರಿಸಿದ್ದಾರೆ. ಓದಲು ಸೊಗಸು. ಆದರೆ ಆ ಕಾಡಿನಲ್ಲಿ ಒಂದು ಕಸದ ಗಿಡವೂ ಇಲ್ಲ. ಬರೆದ ಪುಣ್ಯಾತ್ಮ ಜನ್ಮದಲ್ಲಿ ಕಳೆ ತೆಗೆದವನಲ್ಲ. ಇನ್ನೊಂದು, ಒಂದೇ ಊರಿನ ಬಗ್ಗೆ ಬರೆದ ದಪ್ಪ ಪುರವಣಿ. ಯಾವ ಓಣಿಯಲ್ಲಿ ಯಾರಿದ್ದಾರೆ, ಯಾರ ಜೊತೆ ಯಾರಿಗೆ ಮಾತಿಲ್ಲ, ಯಾರ ಮಗಳನ್ನು ಯಾರು ಕೇಳಿದ್ದರು ಎಂಬುದೆಲ್ಲ ಅದರಲ್ಲಿದೆ. ಅದನ್ನಿಟ್ಟುಕೊಂಡು ನಾನು ಒಮ್ಮೆಯೂ ಆಡಿಲ್ಲ. ಜಳಕೋಟದಿಂದ ಬಂದ ನೆಂಟರ ಬಾಯಿಂದ ಸುದ್ದಿ ಕೇಳಿದ ಹಾಗೆ ಸುಮ್ಮನೆ ಓದುತ್ತೇನೆ. ರಾಕ್ಷಸರ ಪುರವಣಿಯೂ ಒಂದಿತ್ತು. ನಿಲಂಗಾದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ಅಣ್ಣ ಎರಡು ದಿನಕ್ಕೆಂದು ಒಯ್ದ. ಆಗ ಚಿಕ್ಕವನಾಗಿದ್ದ ಅವನ ಮಗನಿಗೆ ಈಗ ಮದುವೆಯಾಗಿದೆ, ಪುಸ್ತಕ ಬಂದಿಲ್ಲ.

ಆದರೆ ನನ್ನ ಇಷ್ಟದ್ದು ಇವು ಯಾವುವೂ ಅಲ್ಲ. ನನಗೆ ಇಷ್ಟದ್ದು ನಾನು ಮೊದಲು ನೋಡಿದ ಪುರವಣಿ, ಮತ್ತು ಅದರ ಬೆನ್ನಿಗೆ ಹುಟ್ಟಿದ ಇನ್ನೊಂದು. ಅದನ್ನು ಹೇಳಬೇಕಾದರೆ ನಮ್ಮ ಸೋದರತ್ತೆಯ ವಿಷಯ ಹೇಳಬೇಕು.

ತೊಂಬತ್ತಮೂರರಲ್ಲಿ ನಮ್ಮ ಸೀಮೆಯಲ್ಲಿ ದೊಡ್ಡ ಭೂಕಂಪವಾದಾಗ ನನಗೆ ಹದಿನಾಲ್ಕು ವರ್ಷ. ಉಮರ್ಗಾದಲ್ಲಿ ನಮ್ಮ ಅಪ್ಪನದು ಜೋಳ, ತೊಗರಿಯ ವ್ಯಾಪಾರ. ಅಪ್ಪನ ಅಕ್ಕನನ್ನು ಲೋಹಾರಾ ಕಡೆಯ ಒಂದು ಹಳ್ಳಿಯ ಒಕ್ಕಲು ಮನೆಗೆ ಕೊಟ್ಟಿತ್ತು. ಆ ವರ್ಷ ಗಣಪತಿ ಕಳಿಸುವುದನ್ನು ನೋಡಲು ಅತ್ತೆ ನಮ್ಮಲ್ಲಿಗೆ ಬಂದಿದ್ದಳು. ಎಮ್ಮೆ ಹಿಂಡುವವರು ಯಾರು ಎಂದು ಅವಳ ಗಂಡ, ನಮ್ಮ ಮಾಮಾ, ಊರಲ್ಲೇ ಉಳಿದರು. ಗಣಪತಿ ಕಳಿಸಿದ ರಾತ್ರಿ ಬೆಳಗಾಗುವ ಮೊದಲೇ ನೆಲ ನಡುಗಿ ಮನೆ ಅವರ ಮೇಲೆ ಕುಸಿಯಿತು. ಮೊಳದಗಲದ ಕಲ್ಲಿನ ಗೋಡೆ, ಅದರ ಮೇಲೆ ವರ್ಷವರ್ಷವೂ ಮಣ್ಣು ಹೊತ್ತು ಭಾರವಾದ ಮಾಳಿಗೆ. ಅತ್ತೆ ಊರು ಮುಟ್ಟುವಷ್ಟರಲ್ಲಿ ಎಷ್ಟೋ ಜನರನ್ನು ಒಟ್ಟಿಗೇ ಬೆಂಕಿಗೆ ಕೊಟ್ಟಾಗಿತ್ತು. ಮಣ್ಣು ಕೊಡುವ ಪದ್ಧತಿಯವರು ನಾವು, ಅದೂ ಆಗಲಿಲ್ಲ. ಅವಳು ಮುಖ ನೋಡಲಿಲ್ಲ. ಇದನ್ನು ಅತ್ತೆ ನಮಗೆ ಒಂದೇ ಸಲ ಹೇಳಿದ್ದು, ನಾನೂ ಒಂದೇ ಸಲ ಹೇಳುತ್ತೇನೆ.

ಅಂದಿನಿಂದ ಅತ್ತೆ ಚಾವಣಿಯ ಕೆಳಗೆ ಬರುವುದನ್ನು ಬಿಟ್ಟಳು. ನಮ್ಮ ಮನೆ ಅಲ್ಲಲ್ಲಿ ಬಿರುಕು ಬಿಟ್ಟು ನಿಂತಿತ್ತು. ನಾವೂ ಮೊದಲ ಕೆಲವು ತಿಂಗಳು ಹಿಂದಿನ ಅಂಗಳದ ತಗಡಿನ ಶೆಡ್ಡಿನಲ್ಲಿ ಮಲಗಿ, ಆಮೇಲೆ ಒಬ್ಬೊಬ್ಬರಾಗಿ ನಾಚಿಕೊಂಡು ಒಳಗೆ ಸೇರಿದೆವು. ಅತ್ತೆ ಬರಲಿಲ್ಲ. ಬೇವಿನ ಮರದಡಿ ತಾಡಪತ್ರಿ ಕಟ್ಟಿಸಿಕೊಂಡು ಅಲ್ಲೇ ಪೂಜೆ, ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಮಳೆಗಾಲದಲ್ಲಿ ಅವ್ವ ಜಗಳ ತೆಗೆದಾಗ ತನ್ನ ಹೊರಸು ಮಂಚವನ್ನು ಶೆಡ್ಡಿಗೆ ಎಳೆದುಕೊಂಡಳು, ಆದರೆ ಕಾಲು ಒಳಗೆ, ತಲೆ ಹೊರಗೆ. ತಲೆಯ ಮೇಲೊಂದು ಗೋಣಿಚೀಲದ ಕೊಪ್ಪೆ. "ಇದೆಂಥಾ ರಾಜಿ ಅಕ್ಕಾ," ಎಂದು ಅಪ್ಪ ಕೇಳಿದರೆ, "ಕಾಲ ಹೋದ್ರ ಹೋಗ್ಲಿ, ತಲಿ ಬೇಕಲ್ಲೋ ನಿನಗ ಬುದ್ಧಿ ಹೇಳಾಕ," ಎಂದಳು.

ಅವಳ ಹಳ್ಳಿಗೆ ಆಗ ಎಲ್ಲೆಲ್ಲಿಂದಲೋ ನೆರವಿನ ಪೆಟ್ಟಿಗೆಗಳು ಬರುತ್ತಿದ್ದವು. ಮಂಜಿನ ದೇಶದ ಕೋಟು, ಒಂಟಿ ಬೂಟು, ನಮ್ಮ ಯಾವ ಹೆಣ್ಣುಮಗಳೂ ಹಾಕಿ ಎರಡು ಹೆಜ್ಜೆ ಇಡಲಾರದ ಎತ್ತರದ ಚಪ್ಪಲಿ. ಪಾಲು ತರಲು ಹೋದ ಅತ್ತೆ ಬಟ್ಟೆಯೆಲ್ಲ ಬಿಟ್ಟು ಒಂದು ಪುಸ್ತಕ ತಂದಳು. ಅದರ ತುಂಬ ಮನೆಗಳ ನಕಾಶೆ. ಅದೇ ದಿನಗಳಲ್ಲಿ ಹಳ್ಳಿಹಳ್ಳಿಗೆ ಜನ ಬಂದು, ನಿಮಗೆ ಎಂಥ ಮನೆ ಕಟ್ಟಿಕೊಡೋಣ ಎಂದು ಕಾಗದ ಬಿಡಿಸಿ ತೋರಿಸುತ್ತಿದ್ದರು. ಇದೂ ಹಾಗೇ ಯಾವುದೋ ಪರದೇಶದವರು ಆರಿಸಿಕೊಳ್ಳಲಿ ಎಂದು ಕಳಿಸಿದ ಮನೆಗಳ ಪುಸ್ತಕ ಎಂದು ಅತ್ತೆ ತಿಳಿದಳು. ತಿಳಿದು ಒಂದನ್ನು ಆರಿಸಿಯೂ ಬಿಟ್ಟಿದ್ದಳು. ನಡುವೆ ದೊಡ್ಡ ಅಂಗಳ, ಬಾವಿ, ಕುದುರೆ ಕಟ್ಟುವ ಜಾಗ, ಸುತ್ತ ಹನ್ನೆರಡು ಖೋಲಿ.

"ಖೋಲಿ ಹನ್ನೆರಡು ಯಾಕ ಅತ್ಯಾ?" ಎಂದೆ.

"ನನಗ ಅಂಗಳ ಸಾಕು. ಖೋಲಿ ಬಂದವರಿಗೆ," ಎಂದಳು.

ಪುಸ್ತಕದ ಕೊನೆಯಲ್ಲಿ ತುಂಬಲು ಖಾಲಿ ಫಾರಮ್ಮೂ ಇತ್ತು. ಅದನ್ನು ನೋಡಿದ ಮೇಲೆ ಯಾರಿಗೂ ಸಂಶಯ ಉಳಿಯಲಿಲ್ಲ. ಉದಗೀರದ ಕಾಲೇಜಿನಿಂದ ರಜೆಗೆ ಬಂದಿದ್ದ ಅಣ್ಣನಿಗೆ ಇಂಗ್ಲಿಷ್ ಬರುತ್ತದೆ ಎಂಬ ಕೀರ್ತಿ ಮನೆಯಲ್ಲಿತ್ತು. ಉದಗೀರದಲ್ಲಿ ಇರಲಿಲ್ಲ. ಅವನು ಪೆನ್ನು ತೆಗೆದು ಗಂಭೀರವಾಗಿ ಕೂತ. ಹೆಸರು ಬರೆದಾಯಿತು. ಮುಂದೆ ನೀವು ಯಾವ ಕುಲದವರು ಎಂದಿತ್ತು. ಸರ್ಕಾರಿ ಫಾರಮ್ಮಿನಲ್ಲಿ ಇರುವುದೇ ಎಂದು ಲಿಂಗವಂತರು ಅಂತ ಬರೆದ. ಕಸುಬು, ಒಕ್ಕಲುತನ. ಯಾವ ದೇವರು ಎಂದೂ ಕೇಳಿತ್ತು. "ನೋಡು, ದೇವರನ್ನೂ ಕೇಳ್ಯಾರ, ಭಾಳ ಛಲೋ ಮಂದಿ," ಎಂದು ಅತ್ತೆ ಮೆಚ್ಚಿದಳು. ಶಕ್ತಿ ಎಷ್ಟು, ಬುದ್ಧಿ ಎಷ್ಟು, ಚೆಲುವು ಎಷ್ಟು ಎಂದು ಸಾಲಾಗಿ ಕೇಳಿತ್ತು.

"ಎಷ್ಟು ಬರೀಲಿ ಅತ್ಯಾ?"

"ಶಕ್ತಿ ಹದಿನೈದು ಬರಿ. ಬುದ್ಧಿ ಹದಿನೆಂಟು. ಚೆಲುವು ನಿಮ್ಮ ಅವ್ವಗಿಂತ ಎರಡು ಜಾಸ್ತಿ."

ಆಯುಧಗಳು ಎಂಬಲ್ಲಿ ಅಣ್ಣ ಕುಡುಗೋಲು ಎಂದು ಬರೆದು, ಪೊಲೀಸರು ಬಂದಾರೆಂದು ಹೆದರಿ ಹೊಡೆದುಹಾಕಿ, ಮತ್ತೆ ಬರೆದ. ನಿಮ್ಮ ಬಳಿ ಏನೇನು ಸಾಮಾನಿದೆ ಎಂಬುದಕ್ಕೆ ಅತ್ತೆ, "ಮಣ್ಣಾಗ ಒಂದು ತಾಮ್ರದ ಹಂಡೆ ಸಿಕ್ಕದ. ಹಂಡೆ ಅಂತ ಬರಿ. ಮತ್ತ ಏನೂ ಬರೀಬ್ಯಾಡ," ಎಂದಳು. ಆ ಒಂದು ಸಾಲನ್ನು ಬರೆಯುವಾಗ ಯಾರೂ ನಗಲಿಲ್ಲ.

ಫಾರಮ್ಮನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅತ್ತೆ ಅದನ್ನು ಮಡಚಿ ವರ್ಷ ಕಾಲ ಇಟ್ಟುಕೊಂಡಳು. ಆಮೇಲೆ ಅವಳ ಹಳ್ಳಿಯವರಿಗೆ ಬೇರೆ ಜಾಗದಲ್ಲಿ ಹೊಸ ಮನೆಗಳು ಏಳತೊಡಗಿದವು. ಅಲ್ಲಿ ಮೇಲ್ವಿಚಾರಣೆ ನೋಡುವ ಒಬ್ಬ ಇಂಜಿನಿಯರು ನಮ್ಮ ಅಂಗಡಿಯ ಹಿಂದಿನ ಖೋಲಿಗೆ ಬಾಡಿಗೆಗೆ ಬಂದ. ಸೊಲ್ಲಾಪುರದವನು, ಪುಣೆಯಲ್ಲಿ ಓದಿದವನು, ಕನ್ನಡ ನಮ್ಮ ಹಾಗೇ ಆಡುತ್ತಿದ್ದ. ಬಂದ ಎರಡನೆಯ ದಿನ ಅತ್ತೆ ಅವನ ಕೈಗೆ ಪುಸ್ತಕವನ್ನೂ ಫಾರಮ್ಮನ್ನೂ ಕೊಟ್ಟು, "ನನಗ ಈ ಮನಿ ಪಸಂತ ಅದ," ಎಂದಳು.

ಅವನು ನಿಂತು ಓದಿದ, ಕೂತು ಓದಿದ, ಹೊಟ್ಟೆ ಹಿಡಿದು ನಕ್ಕ. ಆಮೇಲೆ ಅತ್ತೆಯ ಮುಖ ನೋಡಿ ತೆಪ್ಪಗಾದ. ಪುಣೆಯ ಹಾಸ್ಟೆಲಿನಲ್ಲಿ ಅವನು ಮೂರು ವರ್ಷ ಇದೇ ಆಟ ಆಡಿದ್ದನಂತೆ. ಇವು ದಾರಿಹೋಕರ ಛತ್ರಗಳ ನಕಾಶೆಗಳು, ಆಟದೊಳಗೆ ಬಳಸಿಕೊಳ್ಳಲು ಇರುವಂಥವು. ಫಾರಮ್ಮೂ ಆಟಗಾರರದು ಎಂದು ಅವನು ವಿವರಿಸಿದ. "ಮತ್ತ ಇದು ಅಸಲ್ ಪುಸ್ತಕಾನೂ ಅಲ್ಲರೀ. ಅಸಲ್ ಬ್ಯಾರೆ ಅದ. ಇದು ಬ್ಯಾರೆ ಯಾರೋ ಬರದು ಜೋಡಿಸಿದ್ದು."

ಅತ್ತೆಗೆ ನಾಚಿಕೆಯಾಗಲಿಲ್ಲ, ಸಿಟ್ಟು ಬಂತು. "ಮನಿ ಕೊಡಂಗಿಲ್ಲಂದ್ರ ಫಾರಂ ಯಾಕ ಇಟ್ಟಾರ? ತುಂಬಿ ಆಗ್ಯದ. ಈಗ ಇದರಾಗ ಏನು ಸಿಗ್ತದೋ ಅದನ್ನ ಕೊಡು."

ಹೀಗೆ ನಮ್ಮ ಆಟ ಶುರುವಾಯಿತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಬೇವಿನ ಮರದ ಕೆಳಗೆ ಇಂಜಿನಿಯರು ಕಥೆ ನಡೆಸುವವನು, ಅಷ್ಟರಲ್ಲಿ ಕಾಲೇಜು ಮುಗಿಸಿ ಬಂದಿದ್ದ ಅಣ್ಣ ಕತ್ತಿವೀರ, ನಾನು ಮಂತ್ರವಾದಿ. ಅತ್ತೆ ಮಾತ್ರ ಅತ್ತೆಯೇ, ಕೈಯಲ್ಲಿ ಕುಡುಗೋಲು, ತಲೆಯ ಮೇಲೆ ಹಂಡೆ. ಇಪ್ಪತ್ತು ಮುಖದ ದಾಳ ಉಮರ್ಗಾದಲ್ಲಿ ಎಲ್ಲಿ ಸಿಗಬೇಕು? ಇಪ್ಪತ್ತು ಹುಣಸೆಬೀಜಕ್ಕೆ ಸುಣ್ಣದಲ್ಲಿ ಅಂಕಿ ಬರೆದು ಚೀಲಕ್ಕೆ ಹಾಕಿ, ಒಂದೊಂದೇ ತೆಗೆಯುತ್ತಿದ್ದೆವು. ಮೂಲಪುಸ್ತಕ ಪುಣೆಯಲ್ಲೇ ಯಾರ ಬಳಿಯೋ ಉಳಿದಿತ್ತು. ನಿಯಮಗಳು ಇಂಜಿನಿಯರಿಗೆ ಅರ್ಧ ನೆನಪಿದ್ದವು. ಉಳಿದರ್ಧ ಅತ್ತೆಯ ಪಾಲಾದವು.

ಮೊದಲ ದಿನವೇ ಎತ್ತು ಏರಿಗೆ, ಕೋಣ ನೀರಿಗೆ. ಈ ಆಟದಲ್ಲಿ ಗವಿಗೆ ಇಳಿಯಬೇಕು, ಕತ್ತಲ ಹಾದಿಯಲ್ಲಿ ರಾಕ್ಷಸರನ್ನು ಹೊಡೆಯಬೇಕು. ಇಂಜಿನಿಯರು ಕೈ ಬೀಸಿ ಗವಿಯ ಬಾಯಿ ವರ್ಣಿಸಿದ.

"ನಾ ಬರಂಗಿಲ್ಲ," ಎಂದಳು ಅತ್ತೆ.

"ಯಾಕ ಅತ್ಯಾ?"

"ಮ್ಯಾಲ ಕಲ್ಲದಾವ."

"ಖರೇ ಗವಿ ಅಲ್ಲರೀ ಇದು."

"ಖರೇ ಅಲ್ಲಂದ್ರ ಅವರನ್ನ ಹೊರಗ ಕರಿಯಾಕ ನಿನಗೇನು ಕಷ್ಟ? ಊಟಕ್ಕ ಬರ್ರಿ ಅನ್ನು."

ಛತ್ರಗಳ ಆ ಪುಸ್ತಕದಲ್ಲೇ ರಾಕ್ಷಸರ ಪಟ್ಟಿಯೂ ಒಂದಿತ್ತು, ಪ್ರತಿ ರಾಕ್ಷಸನ ಪಕ್ಕ ಒಂದು ಅಂಕಿ ಇರುತ್ತಿತ್ತು. ಅವನು ಎಷ್ಟು ಏಟು ತಿಂದರೆ ಸಾಯುತ್ತಾನೆ ಎಂಬ ಲೆಕ್ಕ ಅದು. "ಏಟ್ ಎಷ್ಟು ತಿಂತಾನ ಅಂತ ತಿಳಕೊಂಡು ನನಗೇನು ಮಾಡೂದದ? ರೊಟ್ಟಿ ಎಷ್ಟು ತಿಂತಾನ ಹೇಳು," ಎಂದು ಅತ್ತೆ ಅದೇ ಅಂಕಿಯನ್ನು ರೊಟ್ಟಿಗೆ ತಿರುಗಿಸಿದಳು. ಅಂದಿನಿಂದ ನಮ್ಮ ದಂಡು ಗವಿಯ ಮುಂದೆ ಒಲೆ ಹೂಡುವ ದಂಡಾಯಿತು. ಹಿಟ್ಟು ಸಾಕಾಗುತ್ತದೋ ಇಲ್ಲವೋ ಎಂಬುದಕ್ಕೆ ಬೀಜ ತೆಗೆಯುತ್ತಿದ್ದೆವು. ಏಳು ರೊಟ್ಟಿಯ ರಾಕ್ಷಸ ಸುಲಭ. ರೆಕ್ಕೆಯ ಮಹಾಸರ್ಪಕ್ಕೆ ನೂರಾ ಮೂವತ್ತು. ನನ್ನ ಮಂತ್ರಶಕ್ತಿಯೆಲ್ಲ ಅಂದು ಹಿಟ್ಟು ನಾದುವುದಕ್ಕೇ ಮುಗಿಯಿತು, ಅಣ್ಣನ ಕತ್ತಿ ಉಳ್ಳಾಗಡ್ಡಿ ಹೆಚ್ಚುವುದಕ್ಕೆ.

"ಉಂಡ ಮ್ಯಾಲೂ ಅಂವಾ ಮೈಮ್ಯಾಲ ಬಂದ್ರ?" ಎಂದು ಇಂಜಿನಿಯರು ಹಲ್ಲು ಕಡಿದ.

"ಉಂಡ ಮನಿ ಜಂತಿ ಎಣಸಂಗಿಲ್ಲ ಯಾರೂ. ರಾಕ್ಷಸ ಆದ್ರೇನು, ಮಂದೀನ ಇರ್ತಾನ."

"ಪುಸ್ತಕದಾಗ ಹಂಗಿಲ್ಲ ಅತ್ಯಾ."

"ಪುಸ್ತಕ ಬ್ಯಾರೆದವರು ಬರದು ಜೋಡಿಸ್ಯಾರ ಅಂತ ನೀನ ಹೇಳಿದಿ. ಅವರು ಜೋಡಿಸಬಹುದಂದ್ರ ನಾ ಯಾಕ ಜೋಡಿಸಬಾರದು? ಏ ಹುಡುಗಿ, ಬರಕೋ."

ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಹೀಗೆ ಎರಡನೆಯ ಪುರವಣಿ ಹುಟ್ಟಿತು. ಯಾವ ರಾಕ್ಷಸ ಯಾವ ಪಲ್ಯಕ್ಕೆ ಒಲಿಯುತ್ತಾನೆ, ಎಲ್ಲರೂ ಹೊರಗೇ ಕೂತು ಪ್ರಾಣ ತೆಗೆಯದೆ ಆಟ ಮುಗಿಸುವುದು ಹೇಗೆ, ಯಾರು ಬಡಿಸಬೇಕು, ಯಾರು ಮೊದಲು ಏಳಬಾರದು. ಒಟ್ಟು ನಲವತ್ತು ಪುಟ. ಇಂದು ಪರದೇಶದ ದೊಡ್ಡ ದೊಡ್ಡ ಪುರವಣಿಗಳಲ್ಲಿ ಹೊಡೆದಾಟವಿಲ್ಲದೆ ಆಡುವ ಬಗೆ ಎಂದು ಹೊಸದೇನೋ ಕಂಡುಹಿಡಿದವರಂತೆ ಬರೆದುಕೊಳ್ಳುತ್ತಾರೆ. ಓದುವಾಗ ನನಗೆ ಒಳಗೊಳಗೇ ನಗು ಬರುತ್ತದೆ.

ನಾವು ನಗುತ್ತಿದ್ದೆವು, ಆದರೆ ಅತ್ತೆಯ ಹೊಸ ಮನೆ ಮುಗಿಯುತ್ತ ಬಂದಿತ್ತು. ಬೀಗದ ಕೈ ತೆಗೆದುಕೊಂಡು ಇರಲು ಬರದವರ ಮನೆ ಬೇರೆಯವರಿಗೆ ಹೋಗುತ್ತದೆ ಎಂದು ಹಳ್ಳಿಯಲ್ಲಿ ಮಾತು ಎದ್ದಿತು. ಹೊಲ ಅಲ್ಲಿತ್ತು, ಜನ ಅಲ್ಲಿದ್ದರು. ತವರಿನ ಅಂಗಳದಲ್ಲಿ ಮಳೆಗೆ ತಲೆಯೊಡ್ಡಿ ಅತ್ತೆ ಇನ್ನೆಷ್ಟು ವರ್ಷ ಕಳೆಯಬಹುದು? ಅಪ್ಪ ಹೇಳಿದ್ದಾಯಿತು, ಅವ್ವ ಅತ್ತದ್ದಾಯಿತು. ಮನೆಯನ್ನು ಹೊರಗಿನಿಂದ ನೋಡಿ ಬರಲೂ ಅವಳು ಒಪ್ಪಲಿಲ್ಲ.

ಆಗ ಅಣ್ಣನೂ ಇಂಜಿನಿಯರೂ ಸೇರಿ ಒಂದು ಉಪಾಯ ಹೂಡಿದರು. ಅತ್ತೆಯ ಹೊಸ ಮನೆಯದೇ ನಕಾಶೆಯನ್ನು ಚೌಕಳಿ ಕಾಗದದ ಮೇಲೆ ಬರೆದು, ಪುಸ್ತಕದ ಇನ್ನೊಂದು ಛತ್ರ ಎಂದು ಆಟಕ್ಕೆ ತರುವುದು. ಒಳಗೆ ಹಸಿದ ಮುದುಕ ರಾಕ್ಷಸನೊಬ್ಬ. ಅವನಿಗೆ ಕಾಲಿಲ್ಲ, ಹೊರಗೆ ಬರಲಾರ. ಹಸಿದವನಿಗೆ ಉಣಿಸಬೇಕೆಂಬುದು ಅತ್ತೆಯದೇ ನಿಯಮ, ಹೋಗದೆ ಏನು ಮಾಡುತ್ತಾಳೆ? ಆಟದಲ್ಲಾದರೂ ಒಮ್ಮೆ ಹೊಸ್ತಿಲು ದಾಟಿದರೆ ಹೆದರಿಕೆ ಬಿಟ್ಟೀತು ಎಂದು ಅವರ ಎಣಿಕೆ. ನನಗೂ ಹೇಳಿದ್ದರು. ಜಾಣತನವೆಂದು ನಾನೂ ಖುಷಿಪಟ್ಟೆ.

ಆ ಭಾನುವಾರ ಇಂಜಿನಿಯರು ಕಾಗದ ಹಾಸಿ ಕಥೆ ಹೇಳಿದ. "ಒಳಗಿಂದ ಒಂದು ದನಿ ಬರಾಕತ್ತದ. ನಾ ಒಳಗ ಸಿಕ್ಕೊಂಡೀನಿ, ಏಳಾಕ ಬರಂಗಿಲ್ಲ, ಯಾರಾದ್ರೂ ಬರ್ರಿ ಅಂತ."

ಹೇಳಿ ಮುಗಿಸಿದ ಮೇಲೆ ನಮಗೆ ನಾವು ಮಾಡಿದ್ದೇನೆಂದು ಹೊಳೆಯಿತು. ಮಾಮಾನ ಸಂಗತಿ ಇಂಜಿನಿಯರಿಗೆ ಪೂರ್ತಿ ಗೊತ್ತಿರಲಿಲ್ಲ, ನಮಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಿರಲಿಲ್ಲ. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕೆನಿಸಿತು.

ಅತ್ತೆ ಕಾಗದದ ಮೇಲೆ ಬೆರಳಿಟ್ಟು ಖೋಲಿ ಎಣಿಸಿದಳು. "ಯಾವ ಛತ್ರದಾಗ ಎರಡಽ ಖೋಲಿ ಇರ್ತಾವೋ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇದು ನನ್ನ ಮನಿ ಅದ, ಹೌದಿಲ್ಲೊ?"

ಇಂಜಿನಿಯರು ತಲೆ ತಗ್ಗಿಸಿ ಹೌದೆಂದ.

"ಮ್ಯಾಲ ಮಣ್ಣು ಹಾಕೀರೇನು?"

"ಇಲ್ಲರೀ. ಕಬ್ಬಿಣ ಕಟ್ಟಿ ಕಾಂಕ್ರೀಟ್ ಹಾಕೇವಿ. ಗ್ವಾಡಿಗೂ ಮಾಳಿಗಿಗೂ ಕೂಡಿಸಿ ಕಟ್ಟೇವಿ."

"ನೀ ಅದರ ಕೆಳಗ ಮಲಗಿಯೇನು?"

"ಎರಡು ತಿಂಗಳಿಂದ ಮಧ್ಯಾಹ್ನ ಉಂಡು ಅಲ್ಲೇ ಮಲಗತೀನಿ, ಅತ್ಯಾ. ಸಾಹೇಬರಿಗೆ ಹೇಳಬ್ಯಾಡ್ರಿ."

ಅತ್ತೆಗೆ ನಗು ಬಂತು. ಆಮೇಲೆ ಆ ನಕಾಶೆಯನ್ನು ಮಡಚಿ ಅವನ ಕೈಗೇ ಕೊಟ್ಟಳು. "ಕಾಗದದಾಗ ನಾ ಹೋಗಂಗಿಲ್ಲ. ನಾಳಿ ಜೀಪ್ ತಗೊಂಡ ಬಾ."

ಮರುದಿನ ಬೆಳಿಗ್ಗೆ ಅತ್ತೆ, ಅಣ್ಣ, ನಾನು, ಇಂಜಿನಿಯರು ಹೊರಟೆವು. ದಾರಿಯುದ್ದಕ್ಕೂ ಅತ್ತೆ ಯಾರ ತೊಗರಿ ಹೇಗೆ ಬಂದಿದೆ ಎಂದು ಟೀಕೆ ಮಾಡುತ್ತ ಬಂದಳು. ಹೊಸ ಊರಿನಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಮರವಿಲ್ಲ, ನೆರಳಿಲ್ಲ. ಇಂಜಿನಿಯರು ಬೀಗ ತೆಗೆದು, ನಾನು ಮುಂದೆ ಹೋಗಲೇ ಎಂದು ಕೇಳಿದ.

"ಯಾರೂ ಬರಬ್ಯಾಡ್ರಿ," ಎಂದಳು ಅತ್ತೆ. ವಿಭೂತಿಯ ಹಣೆಯನ್ನು ಸೆರಗಿನಿಂದ ಒತ್ತಿಕೊಂಡು, ಒಳಗೆ ಕಾಲಿಟ್ಟಳು.

ನಾವು ಬಿಸಿಲಲ್ಲಿ ನಿಂತೆವು. ಒಳಗೆ ಒಂದು ಬಾಗಿಲು ತೆಗೆದ ಸದ್ದಾಯಿತು, ಆಮೇಲೆ ಇನ್ನೊಂದು. ಕಿಟಕಿ ತೆಗೆದಳು, ಹಾಕಿದಳು. ಅಡುಗೆಮನೆಯ ಕಟ್ಟೆಯನ್ನು ಕೈಯಿಂದ ತಟ್ಟಿ ನೋಡಿದ್ದು ಕೇಳಿಸಿತು. ಆಮೇಲೆ ಏನೂ ಕೇಳಲಿಲ್ಲ. ಇಂಜಿನಿಯರು ಒಳಗೆ ಹೋಗಲು ಹೆಜ್ಜೆ ಎತ್ತಿದಾಗ ಅಣ್ಣ ಅವನ ತೋಳು ಹಿಡಿದ. ಅಷ್ಟು ಹೆದರಿಕೆ ನನಗೆ ಭೂಕಂಪದ ದಿನವೂ ಆಗಿರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅತ್ತೆ ಬಾಗಿಲಿಗೆ ಬಂದಳು.

"ಎಲ್ಲಾ ಕಡೆ ನೋಡಿದೆ," ಎಂದು ನನಗೂ ಅಣ್ಣನಿಗೂ ಹೇಳಿದಳು. "ನಿಮ್ಮ ಮಾಮಾ ಇದರಾಗ ಇಲ್ಲ."

ಹೇಳಿ ಹೊಸ್ತಿಲ ಮೇಲೆ ಕುಳಿತು, ಮೂರು ವರ್ಷ ಕಣ್ಣಲ್ಲಿ ಒಂದು ಹನಿ ತೋರಿಸದಿದ್ದವಳು, ಓಣಿಗೆಲ್ಲ ಕೇಳುವಂತೆ ಅತ್ತಳು. ಅಕ್ಕಪಕ್ಕದ ಹೆಣ್ಣುಮಕ್ಕಳು ಓಡಿ ಬಂದು ಅವಳನ್ನು ಹಿಡಿದುಕೊಂಡರು. ಅವರಲ್ಲಿ ಒಬ್ಬಾಕೆ ನಮ್ಮ ಕಡೆ ತಿರುಗಿ, ನೀವು ಹೋಗಿರಿ, ಇನ್ನು ನಾವಿದ್ದೇವೆ ಎಂದಳು.

ಅಂದು ಸಂಜೆ ಜೀಪಿನಲ್ಲಿ ಉಮರ್ಗಾಕ್ಕೆ ಮರಳಿದವರು ನಾವು ಮೂವರೇ.